ಚೂಟಿಯ ಮೊಸಳೆ ಕೋಟು

ಜನವರಿ ೮

ಪೂಜ್ಯರಿಗೆ ನಮಸ್ಕಾರಗಳು.

ನನ್ನ ಕೈಬರಹ ನಿಮಗೆ ಗುರುತು ಸಿಗುವುದಿಲ್ಲ. ಕಳೆದ ವರ್ಷ ನಿಮ್ಮ ಅಳಿಯಂದಿರು ಮದುವೆಯಾದ ಹೆಂಗಸು ನಾನು. ಚೂಟಿಗೆ ನೀವು ಬರೆಯುವ ಪತ್ರಗಳ ಕೊನೆಯಲ್ಲಿ ‘ಮನೆಯಲ್ಲಿ ಎಲ್ಲರನ್ನೂ ಕೇಳಿದೆನೆಂದು ಹೇಳು’ ಎಂದಿರುತ್ತದೆ. ಆ ಎಲ್ಲರಲ್ಲಿ ನಾನೂ ಒಬ್ಬಳೆಂದು ಧೈರ್ಯ ಮಾಡಿ ಬರೆಯುತ್ತಿದ್ದೇನೆ. ಫೋನ್ ಮಾಡಬಹುದಿತ್ತು. ನಂಬರ್ ಒತ್ತಿ, ನೀವು ಎತ್ತುವ ಮೊದಲೇ ಇಟ್ಟುಬಿಟ್ಟೆ.

ವಿಷಯ ಏನೆಂದರೆ, ಮಾರ್ಚ್ ಹತ್ತಕ್ಕೆ ಚೂಟಿಯ ಶಾಲೆಯಲ್ಲಿ ಛದ್ಮವೇಷ ಸ್ಪರ್ಧೆ. ಅವಳು ಮೊಸಳೆಯಾಗುತ್ತಾಳಂತೆ. “ಚಿಟ್ಟೆ ಆಗು, ರೆಕ್ಕೆ ಅಂಗಡೀಲೇ ಸಿಗತ್ತೆ” ಅಂದೆ. “ಚಿಟ್ಟೆ ಯಾರಿಗಾದ್ರೂ ಕಚ್ಚತ್ತಾ?” ಅಂತ ಕೇಳಿದಳು. ಇಲ್ಲ ಅಂದೆ. “ಮತ್ತೆ?” ಅಂದಳು. ಅಲ್ಲಿಗೆ ಚಿಟ್ಟೆಯ ಕಥೆ ಮುಗಿಯಿತು.

ನೀವು ಹೊಲಿದು ಕಳಿಸಿದ್ದ ಹಸಿರು ಕೋಟು, ಅದೇ ತಲೆಗೆ ಟೋಪಿ ಇರುವುದು, ಅದರ ತೋಳು ಅವಳಿಗೆ ಈಗ ಮೊಣಕೈವರೆಗೇ ಬರುತ್ತದೆ. ಆದರೂ ಬಿಡುವುದಿಲ್ಲ. ಬೀರುವಿನಿಂದ ಅದನ್ನೇ ಎಳೆದು ತಂದು “ಮೊಸಳೆ ಅಂದ್ರೆ ಹೀಗಿರ್ಬೇಕು. ಟೋಪಿನೇ ಬಾಯಿ” ಎಂದು ತೋರಿಸಿದಳು. ನನಗೂ ಹೌದಲ್ಲ ಅನ್ನಿಸಿತು. ಆ ಕೋಟನ್ನು ಕತ್ತರಿಸಲು ನೀವು ಇಟ್ಟುಕೊಂಡಿರುವ ಕಾಗದದ ನಮೂನೆ ಅವಳ ಈಗಿನ ಅಳತೆಗೆ ಇದ್ದರೆ ದಯವಿಟ್ಟು ಕಳಿಸಿಕೊಡುತ್ತೀರಾ? ಮೊಸಳೆಗೆ ಹೇಗೆ ಹೊಂದಿಸುವುದು ಎಂದೂ ಎರಡು ಮಾತು ಬರೆದರೆ ಉಪಕಾರವಾಗುತ್ತದೆ. ಪಕ್ಕದ ಮನೆಯವರ ಹೊಲಿಗೆ ಮಷಿನ್ ಕೇಳಿ ಇಟ್ಟುಕೊಂಡಿದ್ದೇನೆ. ನೇರ ಹೊಲಿಗೆ ಬರುತ್ತದೆ.

ಪರೀಕ್ಷೆ ಮುಗಿದ ಮೇಲೆ ಚೂಟಿ ನಿಮ್ಮಲ್ಲಿಗೇ ಬಂದು, ಅಲ್ಲೇ ಶಾಲೆಗೆ ಸೇರುತ್ತಾಳೆಂದು ನೀವೂ ಇವರೂ ಮೊದಲೇ ಮಾತಾಡಿಕೊಂಡಿರುವುದು ನನಗೆ ಗೊತ್ತು. ಅದಕ್ಕೆ ನನ್ನದೇನೂ ಅಡ್ಡಿಯಿಲ್ಲ. ಹೋಗುವ ಮೊದಲು ಇದೊಂದನ್ನು ಮಾಡಿಕೊಡೋಣ ಎಂದು, ಅಷ್ಟೆ.

ಇಂತಿ,
ನಿಮ್ಮ ಅಳಿಯನ ಹೆಂಡತಿ


ಜನವರಿ ೧೬

ಚೂಟಿಯ ಮನೆಯವರಿಗೆ,

ಪತ್ರ ಬಂತು. ಮೊದಲನೆಯದಾಗಿ, ಪೂಜ್ಯರು ಗೀಜ್ಯರು ಅಂತ ಬರೆಯಬೇಡಿ. ನನ್ನನ್ನು ಆಗಲೇ ಪಟ ಮಾಡಿ ಗೋಡೆಗೆ ನೇತುಹಾಕಿದ ಹಾಗಾಗುತ್ತದೆ. ಇನ್ನೂ ಬೆಳಿಗ್ಗೆಯಿಂದ ಸಂಜೆವರೆಗೆ ಮಷಿನ್ ತುಳಿಯುತ್ತೇನೆ, ಗಿರಾಕಿಗಳ ಜೊತೆ ಜಗಳ ಆಡುತ್ತೇನೆ. ಎರಡನೆಯದಾಗಿ, ಕೊನೆಯಲ್ಲಿ ‘ನಿಮ್ಮ ಅಳಿಯನ ಹೆಂಡತಿ’ ಅಂತ ಸಹಿ ಮಾಡಿದ್ದೀರಿ. ಆ ಹೆಸರು ನನ್ನ ಮಗಳದಾಗಿತ್ತು. ತಪ್ಪು ನಿಮ್ಮದಲ್ಲ. ಅವಳು ಹೋಗಿ ಮೂರನೇ ವರ್ಷ ನಡೆಯುತ್ತಿದೆ, ಇರುವ ಸಂಗತಿಯನ್ನೇ ನೀವು ಬರೆದದ್ದು. ಆದರೂ ಬೇರೆ ಏನಾದರೂ ಬರೆಯಿರಿ.

ಈಗ ಮೊಸಳೆಗೆ ಬರೋಣ. ಕಾಗದ ಯಾಕೆ? ಅಳತೆ ಕಳಿಸಿ, ನಾನೇ ಹೊಲಿದು ಪಾರ್ಸೆಲ್ ಮಾಡುತ್ತೇನೆ. ಅಂಗಡಿಯಲ್ಲಿ ನಮ್ಮ ಎಡಚಿ ಇದ್ದಾಳೆ (ಎಡಗೈಯಲ್ಲಿ ಕತ್ತರಿ ಹಿಡಿಯುವ ಹುಡುಗಿ, ಹುಡುಗಿ ಅಂದರೆ ಅವಳಿಗೂ ಈಗ ಮೊಮ್ಮಕ್ಕಳು). ಅವಳು ಗುಂಡಿ ಕಾಜಾ ನೋಡಿಕೊಂಡರೆ ನಾನು ಬಾಲ ಬಾಯಿ ನೋಡಿಕೊಳ್ಳುತ್ತೇನೆ. ನೇರ ಹೊಲಿಗೆ ಬರುತ್ತದೆ ಅಂತ ಬರೆದಿದ್ದೀರಿ. ಮೊಸಳೆಯಲ್ಲಿ ನೇರವಾದದ್ದು ಏನಿದೆ ಹೇಳಿ?

ಚೂಟಿಗೆ ಅಂತ ಅಂಗಡಿಯ ಹಿಂದಿನ ಕೋಣೆಗೆ ಬಣ್ಣ ಹೊಡೆಸಿದ್ದೇನೆ. ಕಿಟಕಿಯಿಂದ ಶಾಲೆಯ ಗೇಟೇ ಕಾಣುತ್ತದೆ. ಅವಳಪ್ಪನ ಕೆಲಸ ಗೊತ್ತೇ ಇದೆಯಲ್ಲ, ಯಾವ ಕಟ್ಟಡದಲ್ಲಿ ಲಿಫ್ಟ್ ನಿಂತರೂ ಉಂಡ ಕೈ ತೊಳೆಯುವ ಮೊದಲೇ ಓಡಬೇಕು. ಅದಕ್ಕೇ ಈ ಏರ್ಪಾಡು ಆದದ್ದು. ಈಗ ನಿಮಗೂ ಒಂದು ಭಾರ ಇಳಿಯುತ್ತದೆ. ಬೇರೆಯವರ ಮಗುವನ್ನು ನೋಡಿಕೊಳ್ಳುವುದು ಸುಲಭವಲ್ಲ, ನಾನು ಬಲ್ಲೆ.

ಅಳತೆ ಬೇಗ ಕಳಿಸಿ.

ಚೂಟಿಯ ಅಜ್ಜಿ


ಜನವರಿ ೨೩

ಅಮ್ಮನವರಿಗೆ ನಮಸ್ಕಾರ.

ಅಳತೆಯ ಚೀಟಿ ಜೊತೆಗಿದೆ. ಎದೆಯ ಸುತ್ತಳತೆ ಎರಡು ಸಲ ತೆಗೆದೆ, ತಪ್ಪಬಾರದೆಂದು. ನೀವು ಹೊಲಿದರೆ ನನ್ನದಕ್ಕಿಂತ ನೂರು ಪಾಲು ಚೆನ್ನಾಗಿರುತ್ತದೆ ಎಂಬುದರಲ್ಲಿ ಸಂಶಯವಿಲ್ಲ. ಆದರೂ ನಾನೇ ಹೊಲಿಯಬೇಕೆಂದಿದ್ದೇನೆ. ಕಾರಣ ಕೇಳಬೇಡಿ.

ನಾನು ಪೂರ್ತಿ ಕೈಲಾಗದವಳೇನಲ್ಲ. ದಂತ ವೈದ್ಯರ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಕಟ್ಟುಹಲ್ಲು ಮಾಡುವ ಕೆಲಸ ನನ್ನದು. ಬಾಯಿಯ ಅಚ್ಚು ಬರುತ್ತದೆ, ಅದರ ಮೇಲೆ ಮೇಣ ಕೂರಿಸಿ ಹಲ್ಲು ಜೋಡಿಸುತ್ತೇನೆ. ಅಚ್ಚಿಗೆ ಕೂದಲೆಳೆಯಷ್ಟು ತಪ್ಪಿದರೂ ಮಾರನೆಯ ದಿನವೇ ಯಾರೋ ತಾತ ಬಂದು ಹಲ್ಲುಗಳನ್ನು ನನ್ನ ಮೇಜಿನ ಮೇಲಿಟ್ಟು ಬೊಚ್ಚುಬಾಯಲ್ಲಿ ಬೈಯುತ್ತಾರೆ. ಆದ್ದರಿಂದ ಕೊಟ್ಟ ನಮೂನೆಯನ್ನು ಚಾಚೂ ತಪ್ಪದೆ ಅನುಸರಿಸುತ್ತೇನೆ, ಆ ಬಗ್ಗೆ ಚಿಂತೆ ಬೇಡ.

ಮೊಸಳೆಯ ಹಲ್ಲು ಮಾತ್ರ ಮಾಡಿಯಾಯಿತು. ಮೊದಲು ಕೆಲಸದ ಜಾಗದಲ್ಲಿ ಬೇಡವಾಗಿ ಉಳಿದಿದ್ದ ಹಲ್ಲುಗಳನ್ನೇ ಸಾಲಾಗಿ ಪೋಣಿಸಿ ತೋರಿಸಿದೆ. ಚೂಟಿ ತಲೆ ವಾರೆ ಮಾಡಿ ನೋಡಿ, “ಮೊಸಳೆಗೆ ತಾತನ ಹಲ್ಲು ಯಾಕೆ?” ಅಂದಳು. ಆಮೇಲೆ ಚೂಪಾಗಿ ಬೇರೆಯೇ ಮಾಡಿದೆ. ಅವು ಪರವಾಗಿಲ್ಲವಂತೆ. ಇವರು ನೋಡಿ “ಬಾಲಕ್ಕೆ ಸ್ಪ್ರಿಂಗ್ ಹಾಕೋಣ್ವಾ?” ಅಂದರು. ಈ ಮನೆಯಲ್ಲಿ ಅವರು ಒಂದೇ ಉಸಿರಿಗೆ ಆಡಿದ ಅತಿ ದೊಡ್ಡ ಮಾತು ಅದು.

ಕೋಣೆಗೆ ಬಣ್ಣ ಹೊಡೆಸಿದ್ದು ಚೂಟಿಗೆ ಹೇಳಿದೆ. “ಯಾವ ಬಣ್ಣ?” ಎಂದು ಕೇಳಿದಳು. ಬರೆದು ತಿಳಿಸಿ.

ಇಂತಿ,
ಹಲ್ಲಿನ ಕೆಲಸದವಳು


ಫೆಬ್ರವರಿ ೧

ಹಲ್ಲಿನ ಕೆಲಸದವರಿಗೆ,

ಬಣ್ಣ ತಿಳಿನೀಲಿ. ಕಾರಣ ಕೇಳಬೇಡಿ ಅಂದಿದ್ದೀರಿ, ಕೇಳುವುದಿಲ್ಲ. ಹಠಕ್ಕೆ ಮದ್ದಿಲ್ಲ ಅಂತ ನಮ್ಮತ್ತೆ ಹೇಳುತ್ತಿದ್ದರು, ನನ್ನನ್ನು ನೋಡಿಯೇ ಹೇಳುತ್ತಿದ್ದರು. ಚೂಟಿಯ ಅಳತೆಗೆ ಕಂದು ಕಾಗದದಲ್ಲಿ ಹೊಸದಾಗಿ ಕತ್ತರಿಸಿ ಕಳಿಸುತ್ತಿದ್ದೇನೆ. ಮಗು ಎಷ್ಟು ಉದ್ದ ಬೆಳೆದುಬಿಟ್ಟಿದೆ! ತೋಳಿನ ಕಾಗದ ಕತ್ತರಿಸಿ ಮೇಜಿನ ಮೇಲಿಟ್ಟು ಸುಮ್ಮನೆ ನೋಡುತ್ತ ಕೂತೆ. ಎಡಚಿ ಬಂದು “ಏನಮ್ಮಾ, ಕಾಗದಕ್ಕೆ ದೃಷ್ಟಿ ಹಾಕ್ತಿದೀರಾ?” ಅಂದಳು.

ಈಗ ಗಮನವಿಟ್ಟು ಕೇಳಿ. ಬೆನ್ನಿನ ಭಾಗ ಕಾಗದದಲ್ಲಿ ಒಂದೇ ತುಂಡು. ಅದನ್ನು ನಡುವೆ ಸೀಳಿ ಎರಡು ಮಾಡಬೇಕು. ಮೊಸಳೆಯ ಬೆನ್ನ ಮೇಲೆ ಗರಗಸದ ಹಾಗೆ ಏಣು ಇರುತ್ತದಲ್ಲ, ಅದಕ್ಕೆ ದಪ್ಪ ಬಟ್ಟೆಯ ತ್ರಿಕೋನಗಳನ್ನು ಕತ್ತರಿಸಿ ಆ ನಡುಹೊಲಿಗೆಯೊಳಗೆ ಸಿಕ್ಕಿಸಿ ಹೊಲಿ. ಕುತ್ತಿಗೆ ಹತ್ತಿರ ಸಣ್ಣವು, ಸೊಂಟದ ಹತ್ತಿರ ದೊಡ್ಡವು. ಅದೇ ಹೊಲಿಗೆಯ ತುದಿಗೆ ಬಾಲ. ಬಾಲದೊಳಗೆ ಚಿಂದಿಬಟ್ಟೆ ತುಂಬು, ಆದರೆ ಗಟ್ಟಿಯಾಗಿ ತುರುಕಬೇಡ, ಭಾರವಾದರೆ ಕೋಟು ಹಿಂದಕ್ಕೆ ಜಗ್ಗಿ ಮಗುವಿನ ಕುತ್ತಿಗೆ ಹಿಡಿಯುತ್ತದೆ. ಸ್ಪ್ರಿಂಗ್ ಗಿಂಗ್ ಬೇಡ ಅಂತ ಆ ಮಹಾರಾಯನಿಗೆ ಹೇಳು.

ಟೋಪಿ ಮೂರು ತುಂಡು. ಎಡ, ಬಲ, ನಡುವೆ ಒಂದು ಪಟ್ಟಿ. ಆ ನಡುಪಟ್ಟಿಯನ್ನು ಮುಂದಕ್ಕೆ ಒಂದು ಗೇಣು ಉದ್ದ ಮಾಡು, ಒಳಗೆ ರಟ್ಟು ಇಡು, ಅದೇ ಮೇಲಿನ ದವಡೆ. ನಿನ್ನ ಹಲ್ಲು ಅದರ ಅಂಚಿಗೆ ಬರಲಿ. ಕಣ್ಣು ಮೇಲ್ಗಡೆ ಗುಬುಟಾಗಿ ಎದ್ದಿರಬೇಕು, ಇಲ್ಲದಿದ್ದರೆ ಮೊಸಳೆ ಹೋಗಿ ಬಾತುಕೋಳಿಯಾಗುತ್ತದೆ. ತೋಳಿಗೆ ಮೊದಲು ಕಚ್ಚಾ ಹೊಲಿಗೆ ಹಾಕಿ, ಆಮೇಲೆ ಮಷಿನ್ನಿಗೆ ಕೊಡು.

ನೀನು ಅಂದುಬಿಟ್ಟೆ. ಕೈಗೆ ಕತ್ತರಿ ಬಂದರೆ ನನಗೆ ಎಲ್ಲರೂ ನೀನೇ. ಬೇಜಾರು ಮಾಡಿಕೊಳ್ಳಬೇಡಿ.

ಹೊಲಿದಾದ ಮೇಲೆ ಹೇಗೆ ಬಂತು ಅಂತ ಬರೆಯಿರಿ. ಮರೆಯಬೇಡಿ.

ಚೂಟಿಯ ಅಜ್ಜಿ


ಫೆಬ್ರವರಿ ೨೦

ಹಲ್ಲಿನ ಕೆಲಸದವರಿಗೆ,

ಕಾಗದ ತಲುಪಿತೋ ಇಲ್ಲವೋ? ತಲುಪದಿದ್ದರೆ ಪೋಸ್ಟಿನವರನ್ನು ಕೇಳುತ್ತೇನೆ. ತಲುಪಿಯೂ ಸುಮ್ಮನಿದ್ದರೆ ಯಾರನ್ನು ಕೇಳಲಿ? ಹೊಳೆ ದಾಟಿದ ಮೇಲೆ ಅಂಬಿಗ ಯಾಕೆ ಅಂತಾರಲ್ಲ, ಹಾಗಾಯಿತು ನನ್ನ ಕಥೆ. ಚೂಟಿಯದೂ ಪತ್ರವಿಲ್ಲ. ಹುಷಾರಾಗಿದ್ದಾಳೆ ತಾನೆ? ಒಂದು ಸಾಲು ಸಾಕು.

ಅಜ್ಜಿ


ಫೆಬ್ರವರಿ ೨೪

ಅಮ್ಮನವರಿಗೆ ನಮಸ್ಕಾರ.

ಕಾಗದ ತಲುಪಿದೆ. ತಡವಾಗಿ ತಿಳಿಸುತ್ತಿರುವುದಕ್ಕೆ ಕ್ಷಮಿಸಿ. ಕ್ಲಿನಿಕ್ಕಿನಲ್ಲಿ ಕೆಲಸ ಜಾಸ್ತಿಯಿತ್ತು.

ಕೋಟು ಹೊಲಿದಾಯಿತು. ಚೂಟಿಗೆ ಆಗಲಿಲ್ಲ. ಎಲ್ಲ ಕಡೆಯೂ ಚಿಕ್ಕದಾಗಿದೆ. ಕಾಗದದ ಅಂಚಿಗೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕತ್ತರಿಸಿದ್ದೆ. ಅಳತೆಯನ್ನೂ ಎರಡು ಸಲ ನೋಡಿಯೇ ಕಳಿಸಿದ್ದೆ. ಆದ್ದರಿಂದ ಹೇಗೆ ಹೀಗಾಯಿತೆಂದು ನನಗೆ ತಿಳಿಯಲಿಲ್ಲ. ನೀವು ಇಷ್ಟು ವರ್ಷದ ಅನುಭವದವರು, ನಾನು ನಿಮ್ಮನ್ನು ಕೇಳುವುದು ಸರಿಯಲ್ಲ. ನಾನು ಹೊಲಿಯುವುದು ನಿಮಗೆ ಇಷ್ಟವಿರದಿದ್ದರೆ ಮೊದಲೇ ಹೇಳಬಹುದಿತ್ತು ಎಂದು ಮಾತ್ರ ಅನ್ನಿಸಿತು.

ಚಿಟ್ಟೆಯ ರೆಕ್ಕೆ ಅಂಗಡಿಯಿಂದ ತಂದಿದ್ದೇನೆ. ಚೂಟಿಯ ಬಟ್ಟೆ ಪುಸ್ತಕಗಳನ್ನೆಲ್ಲ ಪರೀಕ್ಷೆಯ ನಂತರ ಪೆಟ್ಟಿಗೆಗೆ ತುಂಬಿಸಿ ಕಳಿಸುತ್ತೇವೆ. ರೈಲಿನಲ್ಲಿ ಅವಳಪ್ಪ ಜೊತೆಗೆ ಬರುತ್ತಾರೆ.

ಇಂತಿ,
ಹಲ್ಲಿನ ಕೆಲಸದವಳು

(ಕೆಳಗೆ ಪೆನ್ಸಿಲಿನಲ್ಲಿ)

ಅಜ್ಜಿ ನಾನು ಚೂಟಿ. ಲಕೋಟೆ ಅಂಟಿಸು ಅಂತ ನನ್ ಕೈಗೆ ಕೊಟ್ಟಿದಾರೆ ಅದಕ್ಕೆ ಬರೀತಿದೀನಿ. ಮೊಸಳೆ ತುಂಬಾ ಚೆನ್ನಾಗಿದೆ ಆದ್ರೆ ನಾನು ಒಳಗೆ ಹೋಗಕ್ಕಾಗಲ್ಲ. ಒಂದು ಕೈ ಹೋಯ್ತು ಆಮೇಲೆ ಹೊರಗೆ ಬರ್ಲಿಲ್ಲ. ಅಪ್ಪ ಎಳೆದ್ರು. ಕೋಟು ಹೊಲಿದ್ರಲ್ಲ, ಅವರು ಅಡುಗೆಮನೇಲಿ ಬಾಗಿಲು ಹಾಕ್ಕೊಂಡು ಅತ್ರು. ನಾನು ಕೇಳ್ದೆ, ಈರುಳ್ಳಿ ಅಂದ್ರು. ಅವತ್ತು ಬ್ರೆಡ್ಡು ಜಾಮು ತಿಂದ್ವಿ. ಅದ್ರಲ್ಲಿ ಈರುಳ್ಳಿ ಎಲ್ಲಿರತ್ತೆ? ನನಗೆ ಚಿಟ್ಟೆ ಬೇಡ ಅಂತ ಅವರಿಗೆ ಹೇಳಿಲ್ಲ. ನೀನೂ ಹೇಳ್ಬೇಡ.


ಫೆಬ್ರವರಿ ೨೮

ಮಗೂ,

ಅಯ್ಯೋ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಆ ಕೋಟನ್ನು ಬಿಸಾಡಬೇಡ. ಬಿಸಾಡಿದ್ದರೆ ಈಗಲೇ ಹೋಗಿ ಎತ್ತಿಕೊಂಡು ಬಾ, ಆಮೇಲೆ ಮುಂದೆ ಓದು.

‘ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ’ ಅಂತ ನೀನು ಬರೆದದ್ದನ್ನು ಓದಿದ ಕೂಡಲೇ ತಪ್ಪು ಎಲ್ಲಾಯಿತು ಅಂತ ಹೊಳೆಯಿತು. ನನ್ನ ಕಾಗದ ಬರೀ ಮೈಯಳತೆ. ಹೊಲಿಗೆಯೊಳಗೆ ಮಡಚಿ ಹೋಗುವ ಬಟ್ಟೆ ಅದರಲ್ಲಿ ಸೇರಿಲ್ಲ. ಕಾಗದವನ್ನು ಬಟ್ಟೆಯ ಮೇಲಿಟ್ಟು ಸುತ್ತಲೂ ಎರಡು ಬೆರಳು ಬಿಟ್ಟು ಕತ್ತರಿಸುವುದು ನಮ್ಮಲ್ಲಿಯ ರೂಢಿ. ನಮ್ಮತ್ತೆ ನನಗೆ ಹಾಗೆ ಕಲಿಸಿದರು, ನಾನು ನನ್ನ ಮಗಳಿಗೂ ಎಡಚಿಗೂ ಹಾಗೇ ಕಲಿಸಿದೆ. ನೀನು ಅಂಚಿಗೇ ಕತ್ತರಿಸಿದರೆ ಪ್ರತಿ ಹೊಲಿಗೆಯೂ ಎರಡೂ ಕಡೆಯಿಂದ ಕೋಟನ್ನು ತಿಂದುಹಾಕುತ್ತದೆ. ಮಗು ಒಳಗೆ ಹೋಗುವುದಾದರೂ ಹೇಗೆ! ನೀನು ಅಷ್ಟು ಅಚ್ಚುಕಟ್ಟಾಗಿ ಕತ್ತರಿಸಿದ್ದೇ ಎಡವಟ್ಟಾಯಿತು. ನಿನ್ನ ಜಾಗದಲ್ಲಿ ಸೋಮಾರಿಯೊಬ್ಬಳು ಇದ್ದಿದ್ದರೆ ಅಡ್ಡಾದಿಡ್ಡಿ ಕತ್ತರಿಸಿ ಗೆದ್ದಿರುತ್ತಿದ್ದಳು.

ಹೊರಗಿನವರಿಗೆ ಕಾಗದ ಕೊಡುವಾಗ ನಾನು ಅದರ ಮೇಲೆ ‘ಎರಡು ಬೆರಳು ಬಿಡಿ’ ಅಂತ ಬರೆದೇ ಕೊಡುತ್ತೇನೆ. ನಿನಗೆ ಬರೆಯಲಿಲ್ಲ. ಯಾಕೆ ಬರೆಯಲಿಲ್ಲ ಅಂತ ಯೋಚನೆ ಮಾಡಿದೆ. ಅವತ್ತು ಬಾಲ, ಟೋಪಿ ಅಂತ ಬರೆಯುತ್ತ ಬರೆಯುತ್ತ ನನ್ನ ಮಗಳಿಗೇ ಬರೆಯುತ್ತಿರುವ ಹಾಗೆ ಆಗಿಹೋಗಿತ್ತು. ಅವಳಿಗೆ ಇದನ್ನು ಹೇಳಬೇಕಾಗಿರಲಿಲ್ಲ ನೋಡು. ನನಗೆ ಇಷ್ಟವಿರಲಿಲ್ಲವೋ ಏನೋ ಅಂತ ನೀನು ಬರೆದದ್ದು ನ್ಯಾಯವೇ. ಆದರೆ ಹಾಗಲ್ಲ. ಹಾಗೆ ಮಾಡುವ ಮುದುಕಿ ನಾನಲ್ಲ, ಮಾಡಿದರೂ ಮಗುವಿನ ಬಟ್ಟೆಯಲ್ಲಿ ಮಾಡುವವಳಲ್ಲ.

ಈಗ ಅಳುವುದು ಸಾಕು, ಕೆಲಸ ಮಾಡು. ಇನ್ನೂ ಸಮಯವಿದೆ. ಒಂದು ಪಕ್ಕದಲ್ಲಿ ತೋಳಿನ ತುದಿಯಿಂದ ಬಗಲಿಗೆ, ಬಗಲಿನಿಂದ ಕೆಳಗಿನ ಅಂಚಿನವರೆಗೆ ಹೊಲಿಗೆ ಬಿಚ್ಚು. ಇನ್ನೊಂದು ಪಕ್ಕವೂ ಹಾಗೇ. ಆ ಜಾಗಕ್ಕೆ ಅಂಗೈಯಗಲದ ಪಟ್ಟಿ ಸೇರಿಸು. ಹಸಿರು ಬಟ್ಟೆ ಮುಗಿದಿದ್ದರೆ ಹುಡುಕಬೇಡ. ಹಳದಿ ಹಾಕು, ಇಲ್ಲವೇ ಕೆನೆಬಣ್ಣ. ಮೊಸಳೆಗೆ ಹೊಟ್ಟೆ ಪಕ್ಕೆಯೆಲ್ಲ ತಿಳಿಬಣ್ಣವೇ, ಬೇಕೆಂದೇ ಮಾಡಿದ್ದು ಅನ್ನಿಸುತ್ತದೆ. ಟೋಪಿಯ ನಡುಪಟ್ಟಿ ತೆಗೆದು ಅಗಲವಾದದ್ದು ಕೂರಿಸು. ಪಟ್ಟಿ ಕತ್ತರಿಸುವಾಗ ಎರಡೂ ಅಂಚಿಗೆ ಎರಡೆರಡು ಬೆರಳು ಜಾಸ್ತಿ. ನಿನ್ನ ಬೆರಳೇ ಸಾಕು, ನನ್ನದು ಬೇಕಿಲ್ಲ.

ಚೂಟಿಗೆ ಚಿಟ್ಟೆ ಬೇಡವಂತೆ. ನಾನು ಹೇಳಿದೆ ಅಂತ ಹೇಳಬೇಡ. ಈರುಳ್ಳಿಯ ವಿಚಾರವೂ ನನಗೆ ಗೊತ್ತಿಲ್ಲ ಅಂತಲೇ ಇಟ್ಟುಕೋ.

ಅಜ್ಜಿ


ಮಾರ್ಚ್ ೧೩

ಅಮ್ಮಾ,

ಕೋಟು ಆಯಿತು! ನಿಮ್ಮ ಪತ್ರ ಬಂದ ದಿನವೇ ಬಿಚ್ಚಲು ಕೂತೆವು. ಇವರು ಲಿಫ್ಟಿನ ತಂತಿ ಬಿಚ್ಚುವ ಗಾಂಭೀರ್ಯದಲ್ಲಿ ಒಂದು ಪಕ್ಕ ಬಿಚ್ಚಿದರು, ನಾನು ಇನ್ನೊಂದು. ಚೂಟಿ ನೂಲಿನ ಚೂರುಗಳನ್ನು ಆರಿಸಿದಳು. ಹಳದಿ ಬಟ್ಟೆ ಎಲ್ಲಿಂದ ತರುವುದೆಂದು ನೋಡಿದರೆ ಅಡುಗೆಮನೆಯ ಪರದೆ ಕಣ್ಣಿಗೆ ಬಿತ್ತು. ಈಗ ನಾವೇನು ಬೇಯಿಸುತ್ತೇವೆಂದು ಎದುರುಮನೆಯವರಿಗೆ ಪೂರ್ತಿ ಗೊತ್ತು. ಪಟ್ಟಿ ಕತ್ತರಿಸುವಾಗ ಚೂಟಿಯ ಎರಡು ಬೆರಳು ಇಡಿಸಿ ಅಳೆದೆ, ಸಣ್ಣದಾಯಿತು. ಆಮೇಲೆ ಅವಳ ಬೆರಳಿನ ಮೇಲೆ ನನ್ನದೂ ಇಟ್ಟು, ಹೇಗೋ ಸರಿಮಾಡಿಕೊಂಡೆವು. ಚಿಟ್ಟೆಯ ರೆಕ್ಕೆ ಪಕ್ಕದ ಮನೆಯ ಪಾಪುವಿಗೆ ಹೋಯಿತು. ಯಾಕೆ ಎಂದು ಚೂಟಿಯೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಸ್ಪರ್ಧೆಯ ದಿನ ಏನಾಯಿತು ಹೇಳುತ್ತೇನೆ. ಮೊಸಳೆ ವೇದಿಕೆ ಹತ್ತಿತು. “ನಾನು ಮೊಸಳೆ. ನನಗೆ ತುಂಬಾ ಹಲ್ಲುಗಳಿವೆ” ಎಂದು ಶುರು ಮಾಡಿ ತಲೆ ಅಲ್ಲಾಡಿಸಿದಳು ನೋಡಿ, ಟೋಪಿ ಜಾರಿ ದವಡೆ ಪೂರ್ತಿ ಮುಖದ ಮೇಲೆ ಬಂದು ಕೂತಿತು. ಬೆನ್ನಿನ ಏಣು ಕಾಣುತ್ತದೆ, ಬಾಲ ಕಾಣುತ್ತದೆ, ಮಗು ಕಾಣುವುದಿಲ್ಲ. ಅಷ್ಟರಲ್ಲಿ ದವಡೆಯೊಳಗಿಂದ ಗಟ್ಟಿಯಾಗಿ ಕೂಗು ಬಂತು: “ಹಲ್ಲಮ್ಮಾ! ಏನೂ ಕಾಣ್ತಿಲ್ಲ!”

ಅಮ್ಮಾ, ಈ ಮನೆಗೆ ಬಂದು ವರ್ಷವಾಯಿತು, ಅವಳು ನನ್ನನ್ನು ಏನೆಂದೂ ಕರೆದಿರಲಿಲ್ಲ. ಬೇಕಾದರೆ ಎದುರಿಗೆ ಬಂದು ನಿಲ್ಲುತ್ತಿದ್ದಳು. ಇಲ್ಲವೇ “ಅಪ್ಪಾ, ಅವರಿಗೆ ಹೇಳು” ಅನ್ನುತ್ತಿದ್ದಳು. ಆ ಹೆಸರನ್ನು ಯಾವಾಗ ಕಟ್ಟಿಟ್ಟುಕೊಂಡಿದ್ದಳೋ ಗೊತ್ತಿಲ್ಲ. ಸಭೆ ಘೊಳ್ಳೆಂದು ನಕ್ಕಿತು. ನಾನು ಯಾರ ಕಾಲು ತುಳಿದೆನೋ, ಓಡಿಹೋಗಿ ವೇದಿಕೆ ಹತ್ತಿ, ನನ್ನ ಕೂದಲಿನ ಕ್ಲಿಪ್ ಕಿತ್ತು ಟೋಪಿಗೆ ಸಿಕ್ಕಿಸಿದೆ. ಮುಖ ಹೊರಗೆ ಬಂತು. “ಸಾಕು, ನೀನು ಹೋಗು” ಅಂದಳು. ಆಮೇಲೆ ತೀರ್ಪುಗಾರರೊಬ್ಬರ ಪೆನ್ನನ್ನು ಕಚ್ಚಿ ಎಳೆದುಕೊಂಡು ಕೆಳಗಿಳಿದಳು. ಬಹುಮಾನ ಬರಲಿಲ್ಲ. ಮೊದಲ ಬಹುಮಾನ ಒಂದು ಹೂಕೋಸಿಗೆ ಹೋಯಿತು. “ಹೂಕೋಸು ಕಚ್ಚತ್ತಾ?” ಎಂದು ದಾರಿಯುದ್ದಕ್ಕೂ ಕೇಳುತ್ತಿದ್ದಳು.

ಬಸ್ಸಿನಲ್ಲಿ ಕೋಟು ಬಿಚ್ಚಲು ಒಪ್ಪಲಿಲ್ಲ. ಬಾಲ ನನ್ನ ತೊಡೆಯ ಮೇಲಿತ್ತು. “ಅಜ್ಜಿ ಮನೇಲಿ ಈ ಹಲ್ಲು ಬಿದ್ದುಹೋದ್ರೆ ಯಾರು ಅಂಟಿಸ್ತಾರೆ?” ಅಂದಳು. ಅಜ್ಜಿ ಅಂಟಿಸ್ತಾರೆ ಅಂದೆ. “ಅಜ್ಜಿಗೆ ಬಟ್ಟೆ ಗೊತ್ತು. ಹಲ್ಲು ಗೊತ್ತಿಲ್ಲ” ಅಂದಳು. ಮನೆ ಬರುವವರೆಗೆ ಆ ಬಾಲವನ್ನು ಹಿಡಿದುಕೊಂಡೇ ಕೂತಿದ್ದೆ.

ಯಾಕೆ ನಾನೇ ಹೊಲಿಯಬೇಕೆಂದಿದ್ದೆ ಎಂಬ ಕಾರಣ ಈಗ ಹೇಳುತ್ತೇನೆ. ಕೋಟು ಹೊಲಿಯಬೇಕಾದರೆ ಅಳತೆ ತೆಗೆಯಬೇಕು. ಅಳತೆ ತೆಗೆಯಬೇಕಾದರೆ ಮುಟ್ಟಬೇಕು. ಅವಳು ಮುಟ್ಟಲು ಬಿಡುತ್ತಿರಲಿಲ್ಲ, ಜಡೆ ಕೂಡ ಅಪ್ಪನೇ ಹೆಣೆಯಬೇಕಿತ್ತು. ಎದೆಯ ಸುತ್ತಳತೆಗೆ ಟೇಪನ್ನು ಬೆನ್ನ ಹಿಂದಿನಿಂದ ತರುವಾಗ ಅವಳನ್ನು ತಬ್ಬಿಕೊಂಡ ಹಾಗೇ ಆಗುತ್ತದೆ. ಅದಕ್ಕೇ ಎರಡು ಸಲ ತೆಗೆದದ್ದು. ಅಳತೆ ಮೊದಲ ಸಲವೇ ಸರಿಯಾಗಿತ್ತು.

ನನ್ನದೇನೂ ಅಡ್ಡಿಯಿಲ್ಲ ಎಂದು ಜನವರಿಯಲ್ಲಿ ಬರೆದಿದ್ದೆ. ಅದು ಸುಳ್ಳು. ನೀವು ಹೆತ್ತವಳ ತಾಯಿ, ನಾನು ನಿನ್ನೆ ಮೊನ್ನೆ ಬಂದವಳು, ನನಗೇನು ಹಕ್ಕಿದೆ ಎಂದು ಸುಮ್ಮನಿದ್ದೆ. ಇವರನ್ನು ಕೇಳಿದರೆ “ನೀವಿಬ್ರೂ ಏನ್ ತೀರ್ಮಾನ ಮಾಡಿದ್ರೂ ಸರಿ” ಅನ್ನುತ್ತಾರೆ. ಆದ್ದರಿಂದ ನಾನೇ ಹೇಳಬೇಕು. ಕೇಳಿಕೊಳ್ಳುತ್ತಿಲ್ಲ, ಹೇಳುತ್ತಿದ್ದೇನೆ. ಚೂಟಿಯನ್ನು ನಾನು ಕಳಿಸುವುದಿಲ್ಲ. ಪೆಟ್ಟಿಗೆ ಕಟ್ಟುವುದಿಲ್ಲ. ಅವಳು ಇಲ್ಲೇ, ನನ್ನ ಹತ್ತಿರವೇ ಇರಬೇಕು. ನೀವು ಬೈದರೆ ಬೈಸಿಕೊಳ್ಳುತ್ತೇನೆ. ಬಂದು ಜಗಳ ಮಾಡಿದರೆ ನಾನೂ ಮಾಡುತ್ತೇನೆ.

ಓದಿ ನೋಡಿದರೆ ಹರಿದುಹಾಕುತ್ತೇನೆ, ಹಾಗಾಗಿ ಓದುವುದಿಲ್ಲ.

ಹಲ್ಲಮ್ಮ


ಮಾರ್ಚ್ ೧೯

ಮಗಳೇ,

ಎಂಥ ಪತ್ರ ಬರೆದೆಯೇ! ಗಿರಾಕಿಯೊಬ್ಬಳಿಗೆ ಕುತ್ತಿಗೆಯ ಅಳತೆ ತೆಗೆಯುತ್ತಿದ್ದಾಗ ಬಂತು. ತಡೆಯಲಾರದೆ ಒಡೆದು ಓದಿದೆ. ಹೂಕೋಸಿನ ಹತ್ತಿರ ಬರುವಾಗ ನಗುತ್ತಿದ್ದೆ, ಕೊನೆಗೆ ಬರುವಷ್ಟರಲ್ಲಿ ಕಣ್ಣು ಮಂಜಾಗಿ ಆ ಪುಣ್ಯಾತ್ಗಿತ್ತಿಯ ಕುತ್ತಿಗೆಗೆ ಸೊಂಟದ ಅಳತೆ ಬರೆದುಕೊಂಡಿದ್ದೆ. ಎಡಚಿ ನೋಡಿ ತಿದ್ದಿದಳು.

ಈಗ ನನ್ನ ಮಾತು ಕೇಳು. ‘ಅಡ್ಡಿಯಿಲ್ಲ’ ಅಂತ ನೀನು ಬರೆದಾಗ ನನ್ನ ಹೊಟ್ಟೆ ಉರಿದುಹೋಗಿತ್ತು. ಏರ್ಪಾಡು ನಾನೇ ಮಾಡಿದ್ದು, ಕೋಣೆಗೆ ಬಣ್ಣ ನಾನೇ ಹೊಡೆಸಿದ್ದು, ಎಲ್ಲ ನಿಜ. ಆದರೂ ಉರಿಯಿತು. ನನ್ನ ಮಗಳ ಮಗಳು, ಅಂಗಡಿಯಲ್ಲಿ ಉಳಿದ ತುಂಡುಬಟ್ಟೆಯೇ, ತಗೊಳ್ಳಿ ಅಂತ ಕೊಟ್ಟುಬಿಡಲು? ಆ ಮನೆಯಲ್ಲಿ ಅವಳು ಯಾರಿಗೂ ಬೇಡವಾಗಿದ್ದಾಳೆ ಅಂತಲೇ ತಿಳಿದೆ. ಹಾಗಿದ್ದರೆ ಒಂದು ದಿನವೂ ಅಲ್ಲಿ ಬಿಡಬಾರದು ಅಂತ ಹಲ್ಲು ಕಚ್ಚಿಕೊಂಡು ಕೂತಿದ್ದೆ. ಅವಳಿಗೋಸ್ಕರ ನನ್ನ ಮೇಲೆ ಜಗಳಕ್ಕೆ ಬರುವವರು ಒಬ್ಬರು ಅಲ್ಲಿದ್ದಾರೆ ಅಂತ ಗೊತ್ತಿದ್ದರೆ ನಾನು ಯಾವತ್ತೋ ನೆಮ್ಮದಿಯಾಗಿರುತ್ತಿದ್ದೆ.

ಚೂಟಿ ನಿನ್ನ ಹತ್ತಿರವೇ ಇರಲಿ. ಹೇಳಿಬಿಟ್ಟೆ. ನೋವಿಲ್ಲವಾ ಅಂದರೆ ಇದೆ. ನಿನ್ನೆ ಆ ನೀಲಿ ಕೋಣೆಯಲ್ಲಿ ಕೂತು ಚೆನ್ನಾಗಿ ಅತ್ತೆ, ಆಮೇಲೆ ಎಡಚಿ ಟೀ ತಂದಳು, ಎರಡು ಲೋಟ ಕುಡಿದೆ. ಮನಸ್ಸು ಹಗುರವಾಗಿದೆ. ಮಗು ಎಲ್ಲಿ ಬೇಕಾಗಿದೆಯೋ ಅಲ್ಲಿದೆ. ಇದಕ್ಕಿಂತ ನನಗೇನು ಬೇಕು? ಅವಳಪ್ಪನಿಗೆ ಹೇಳು, ನಾವಿಬ್ಬರೂ ತೀರ್ಮಾನ ಮಾಡಿದ್ದಾಯಿತು ಅಂತ.

ರಜೆಗೆ ಮಾತ್ರ ಬರಲೇಬೇಕು. ಅಪ್ಪನ ಜೊತೆ ಕಳಿಸಬೇಡ, ನೀನೇ ಕರೆದುಕೊಂಡು ಬಾ, ನೀನೂ ಇರು. ಕ್ಲಿನಿಕ್ಕಿನಲ್ಲಿ ರಜೆ ಕೇಳು. ಊರಿನ ತಾತಂದಿರು ನಾಲ್ಕು ದಿನ ಗಂಜಿ ಕುಡಿಯಲಿ.

ಇನ್ನೊಂದು ವಿಷಯ. ಹೊರಡುವ ದಿನ ಹತ್ತಿರ ಬಂದಾಗ ನಾನು ಏನೇನೋ ನೆಪ ತೆಗೆಯುತ್ತೇನೆ. ಮಗುವಿಗೆ ನೆಗಡಿ ಅನ್ನುತ್ತೇನೆ, ರೈಲಿನಲ್ಲಿ ಜಾಗವಿಲ್ಲವಂತೆ ಅನ್ನುತ್ತೇನೆ, ಇನ್ನೊಂದೇ ವಾರ ಇರಲಿ ಅಂತ ನಿನ್ನ ಕೈ ಹಿಡಿದುಕೊಳ್ಳುತ್ತೇನೆ. ನಾನು ನನ್ನನ್ನು ಬಲ್ಲೆ. ಆಗ ನನ್ನ ಮುಖ ನೋಡಬೇಡ, ನನ್ನ ಒಂದು ಮಾತೂ ಕೇಳಬೇಡ. ಅವಳನ್ನು ಎತ್ತಿಕೊಂಡು ರೈಲು ಹತ್ತು.

ಅಮ್ಮ